ಕಲ್ಲಿನಿಂದ ಮೂವತ್ತೆರಡು ಹೆಜ್ಜೆ

ಮಾಗಡಿ ರಸ್ತೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವನು ನಾನು. ಮೆಜೆಸ್ಟಿಕ್ಕಿನಿಂದ ಕಡಬಗೆರೆಯವರೆಗೆ ಯಾವ ಸ್ಟಾಪ್ ಎಲ್ಲಿದೆ, ಮೊದಲು ಎಲ್ಲಿತ್ತು, ಯಾವ ಸ್ಟಾಪಿನಲ್ಲಿ ಹತ್ತುವವರು ಐನೂರರ ನೋಟು ಚಾಚುತ್ತಾರೆ ಎಂಬುದನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಬೈರಯ್ಯನವರ ಕಥೆ ಹೇಳಲು ಹೊರಟವನು ನನ್ನ ಜಂಬದಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಅವರ ಕಥೆ ಹಾಳಾದದ್ದು ಈ ಜಂಬದಿಂದಲೇ.

ಬೈರಯ್ಯನವರು ಶ್ರೀಗಂಧದ ಕಾವಲಿನಲ್ಲಿ ನಮ್ಮ ಎದುರು ಮನೆಯವರು. ವಯಸ್ಸು ಎಪ್ಪತ್ತೆರಡು. ಒಣಕಲು ಮೈ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಪಂಚೆ, ಕಿವಿಯ ತುಂಬ ಕೂದಲು. ಹದಿನಾಲ್ಕನೇ ವಯಸ್ಸಿಗೆ ಅಪ್ಪನ ಜೊತೆ ಬಾವಿಗೆ ಇಳಿದವರು. ವಿಜಯನಗರ, ಆರ್‌ಪಿಸಿ ಲೇಔಟ್, ಅನ್ನಪೂರ್ಣೇಶ್ವರಿ ನಗರ ಎಂದು ನಾವು ಈಗ ಕರೆಯುವ ನೆಲವೆಲ್ಲ ತೋಟ, ಹೊಲ ಆಗಿದ್ದಾಗ ಅಲ್ಲಿನ ಬಾವಿಗಳನ್ನು ತೋಡಿದ್ದು ಅವರ ಮನೆತನ. ಆಮೇಲೆ ತೋಟಗಳು ಸೈಟುಗಳಾದವು. ಆಗ ಅದೇ ಬಾವಿಗಳನ್ನು ಮುಚ್ಚಲು ಕರೆದದ್ದೂ ಅವರನ್ನೇ. ತೋಡಿದ ಕೈಯಿಂದಲೇ ಮುಚ್ಚಿಸುವುದು ನಮ್ಮ ಊರಿನ ರೀತಿ.

ಅವರ ಕೆಲಸದಲ್ಲಿ ಒಂದು ಶಿಸ್ತಿತ್ತು. ಮುಚ್ಚಿದ ಪ್ರತಿ ಬಾವಿಯನ್ನೂ ಅಲುಗಾಡದ ಯಾವುದಾದರೊಂದು ಗುರುತಿನಿಂದ ಹೆಜ್ಜೆ ಎಣಿಸಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅರಳಿಕಟ್ಟೆಯಿಂದ ಇಷ್ಟು, ಮಾರಮ್ಮನ ಗುಡಿಯ ಮೂಲೆಯಿಂದ ಇಷ್ಟು, ಮೈಲಿಗಲ್ಲಿನಿಂದ ಇಷ್ಟು. ಬರೆದಿಟ್ಟುಕೊಳ್ಳಿ ಎಂದರೆ, "ಕಾಗದ ನೆನೆಯುತ್ತೆ, ಹೆಜ್ಜೆ ನೆನೆಯಲ್ಲ" ಎನ್ನುತ್ತಿದ್ದರು. ಈ ವಯಸ್ಸಿನಲ್ಲೂ ಎಣಿಸುವಾಗ ಅವರ ಹೆಜ್ಜೆ ಮೂವತ್ತರ ಹುಡುಗನಷ್ಟೇ ಉದ್ದ. ಹಾಲು ತರಲು ಹೋಗುವಾಗ ಕುಂಟುವ ಮನುಷ್ಯ ಬಾವಿ ಹುಡುಕುವಾಗ ಕುಂಟುತ್ತಿರಲಿಲ್ಲ. ಅದಕ್ಕಾಗಿ ನಾನು ಅವರನ್ನು ಎಷ್ಟು ಸಲ ಛೇಡಿಸಿದ್ದೇನೋ ಲೆಕ್ಕವಿಲ್ಲ.

ಮೆಟ್ರೋ ಬಂದಾಗ ಈ ಹೆಜ್ಜೆಗಳಿಗೆ ಬೆಲೆ ಬಂತು. ಮೊದಲನೇ ಲೈನು ಮೆಜೆಸ್ಟಿಕ್ಕಿನ ನೆಲದಡಿಯಿಂದ ಪಶ್ಚಿಮಕ್ಕೆ ಬಂದು, ಮಾಗಡಿ ರೋಡ್ ಸ್ಟೇಷನ್ನಿನ ಹೊತ್ತಿಗೆ ಮೇಲೆದ್ದು, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿ ನಗರ ದಾಟಿ ಮೈಸೂರು ರಸ್ತೆ ಸೇರಬೇಕಿತ್ತು. ಕಂಬ ನಿಲ್ಲಿಸಲು ಬಂದ ಎಂಜಿನಿಯರುಗಳ ನಕ್ಷೆಯಲ್ಲಿ ಕೇಬಲ್ ಇತ್ತು, ಪೈಪಿತ್ತು, ಬಾವಿ ಇರಲಿಲ್ಲ. ಅತ್ತಿಗುಪ್ಪೆಯ ಹತ್ತಿರ ಬೈರಯ್ಯನವರು ತಾವಾಗಿಯೇ ಹೋಗಿ, "ಇಲ್ಲಿ ಕೆಳಗೆ ಬಾವಿ ಐತೆ ಸಾಮಿ" ಎಂದರಂತೆ. ಗುತ್ತಿಗೆದಾರನ ಕಡೆಯ ಹುಡುಗರು ನಕ್ಕರು. ಇವರು ಅರಳಿಕಟ್ಟೆಯಿಂದ ಎಣಿಸಿಕೊಂಡು ಬಂದು ಒಂದು ಕಡೆ ಹಿಮ್ಮಡಿ ಊರಿ ನಿಂತರು. ಜೆಸಿಬಿ ನಾಲ್ಕು ಅಡಿ ಅಗೆಯುವಷ್ಟರಲ್ಲಿ ಬಾವಿಯ ಕಲ್ಲುಕಟ್ಟಡ ಕಾಣಿಸಿತು. ಅವತ್ತಿನಿಂದ ಅವರು ಬಾವಿ ಬೈರಯ್ಯ. ಮನೆ ಮುಂದೆ ಜೀಪು ಬರತೊಡಗಿತು. ಹಾಗೆ ಹನ್ನೊಂದು ಬಾವಿ ತೋರಿಸಿದರು, ಒಂದೂ ತಪ್ಪಲಿಲ್ಲ.

೨೦೧೫ರಲ್ಲಿ ರೈಲು ಓಡಲು ಶುರುವಾದಾಗ ಹೆಂಡತಿ ಗಂಗಲಕ್ಷ್ಮಮ್ಮನವರನ್ನು ಕೂರಿಸಿಕೊಂಡು ಮೈಸೂರು ರಸ್ತೆಯವರೆಗೆ ಹೋಗಿ ಬಂದರು. ನನ್ನನ್ನೂ ಕರೆದೊಯ್ದಿದ್ದರು. ಎಲ್ಲರೂ ಕಿಟಕಿಯಿಂದ ಕಟ್ಟಡಗಳ ತುದಿ ನೋಡುತ್ತಿದ್ದರೆ ಇವರು ಕೆಳಗೆ ರಸ್ತೆ ನೋಡುತ್ತ, "ಇಲ್ಲೊಂದು, ಅಕೋ ಅಲ್ಲೊಂದು" ಎಂದು ಬೆರಳು ಮಡಚುತ್ತಿದ್ದರು. ನನಗೆ ಮಾತ್ರ ಹೊಟ್ಟೆಯುರಿ. ನನ್ನ ಬಸ್ಸಿನ ಜನವನ್ನೆಲ್ಲ ಈ ರೈಲು ನುಂಗಿತ್ತಲ್ಲ. ೨೦೨೧ರಲ್ಲಿ ಅದು ಕೆಂಗೇರಿ ಮುಟ್ಟಿತು, ಮತ್ತೆರಡು ವರ್ಷಕ್ಕೆ ಚಲ್ಲಘಟ್ಟ. ಮಾಗಡಿ ರಸ್ತೆಗೆ ಮಾತ್ರ ಬರುವುದಿಲ್ಲ, ನನ್ನ ರೂಟು ಉಳಿಯಿತು ಅಂದುಕೊಂಡಿದ್ದೆ. ಅದಕ್ಕೂ ಮಂಜೂರಾತಿ ಸಿಕ್ಕಿತು. ಹೊಸಹಳ್ಳಿಯಿಂದ ಹೊರಟು ಕೆಎಚ್‌ಬಿ ಕಾಲೊನಿ, ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿ, ಕಡಬಗೆರೆ. ನನ್ನ ಬಸ್ಸಿನ ಬೋರ್ಡನ್ನೇ ಕದ್ದು ಬರೆದ ಹಾಗಿತ್ತು.

ಮಂಜೂರಾತಿಯ ಸುದ್ದಿ ಓದಿ ಹೇಳಿದ ದಿನ ಬೈರಯ್ಯನವರ ಮುಖ ಕಪ್ಪಿಟ್ಟಿತು. ಬೆಲೆ ಬರುವ ಕಾಲದಲ್ಲಿ ಇವರಿಗೇನಾಯಿತು ಎಂದು ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾದದ್ದು ಆಮೇಲೆ. ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ.

ಬೈರಯ್ಯನವರು ಮೊದಲು ಮುಚ್ಚಿದ ಬಾವಿ ಆರ್‌ಪಿಸಿ ಲೇಔಟಿನ ಕಡೆಯದು. ಲೋಡುಗಟ್ಟಲೆ ಮಣ್ಣು ಸುರಿದು ತುಂಬಿಸಿದರು. ಆ ಕೆಲಸ ಮುಗಿದ ವಾರವೇ ಅವರ ಮೂರು ವರ್ಷದ ಗಂಡುಮಗು ಜ್ವರ ಬಂದು ತೀರಿಕೊಂಡಿತು. ಗಂಗಮ್ಮನ ಬಾಯಿಗೆ ಮಣ್ಣು ಹಾಕಿದ್ದಕ್ಕೆ ಅವಳು ನಮ್ಮ ಬಾಯಿಗೆ ಮಣ್ಣು ಹಾಕಿದಳು ಎಂದು ಗಂಗಲಕ್ಷ್ಮಮ್ಮನವರು ನಂಬಿದರು. ಆರು ವರ್ಷ ಮತ್ತೆ ಬಸುರು ನಿಲ್ಲಲಿಲ್ಲ. ಬೈರಯ್ಯನವರು ಬಾವಿ ಮುಚ್ಚುವ ಕೆಲಸವನ್ನೇ ಬಿಟ್ಟು ಕಲ್ಲು ಹೊರಲು ಹೋದರು. ೧೯೮೫ರಲ್ಲಿ ಸುಂಕದಕಟ್ಟೆ ದಾಟಿ ಹೇರೋಹಳ್ಳಿಗೆ ಹೋಗುವ ದಾರಿಯಲ್ಲಿ, ರಸ್ತೆಯ ಎಡಕ್ಕೆ ಇದ್ದ ತೆಂಗಿನ ತೋಟದ ಯಜಮಾನರು ಅದನ್ನು ಸೈಟು ಮಾಡಲು ಹೊರಟರು. ನಲವತ್ತೈದು ಅಡಿ ಆಳದ ಬಾವಿ. ತೋಡಿದ್ದು ಬೈರಯ್ಯನವರ ಅಪ್ಪ, ಹಾಗಾಗಿ ಮುಚ್ಚಬೇಕಾದದ್ದು ಇವರು. ತಪ್ಪಿಸಿಕೊಳ್ಳಲು ಆಗಲಿಲ್ಲ.

ಗಂಗಲಕ್ಷ್ಮಮ್ಮನವರು ಆಗ ಎರಡು ತಿಂಗಳ ಬಸುರಿ. ಗಂಡನ ಕಾಲು ಹಿಡಿದು ಅತ್ತರು. ಬೈರಯ್ಯನವರು ಯಜಮಾನರಿಗೆ ಗೊತ್ತಾಗದಂತೆ ಒಂದು ಉಪಾಯ ಮಾಡಿದರು. ಬಾವಿಗೆ ಒಂದು ಬುಟ್ಟಿ ಮಣ್ಣೂ ಹಾಕಲಿಲ್ಲ. ಬಾಯಿಗೆ ಅಡ್ಡಲಾಗಿ ಕಲ್ಲು ಚಪ್ಪಡಿಗಳನ್ನು ಹಾಸಿದರು. ಗಂಗಮ್ಮ ಉಸಿರಾಡಲಿ ಎಂದು ಒಂದು ಕಬ್ಬಿಣದ ಪೈಪನ್ನು ಚಪ್ಪಡಿಯ ಸಂದಿನಲ್ಲಿ ನೆಟ್ಟರು. ಮೇಲೆ ಮೂರು ಅಡಿ ಮಣ್ಣು ಎಳೆದು, ಪೂರ್ತಿ ತುಂಬಿಸಿದೆ ಎಂದು ಹೇಳಿದರು. ಏಳು ತಿಂಗಳಿಗೆ ಕಲಾ ಹುಟ್ಟಿದಳು, ಗುಂಡುಕಲ್ಲಿನ ಹಾಗೆ ಬೆಳೆದಳು. ಆ ಬಾವಿ ಒಳಗೆ ತೆರೆದಿರುವಷ್ಟು ಕಾಲ ಮಗಳಿಗೆ ಏನೂ ಆಗುವುದಿಲ್ಲ ಎಂದು ತಾಯಿ ನಂಬಿದರು. ಆ ಧೈರ್ಯದ ಮೇಲೆಯೇ ಬೈರಯ್ಯನವರು ಉಳಿದ ಬಾವಿಗಳನ್ನು ಮುಚ್ಚುವ ಕೆಲಸಕ್ಕೆ ಮರಳಿದರು. ಯಾರಿಗೂ ಹೇಳುವುದಿಲ್ಲ ಎಂದು ಗಂಡನಿಂದ ಭಾಷೆ ತೆಗೆದುಕೊಂಡರು. ಬೈರಯ್ಯನವರು ಅದನ್ನೂ ಹೆಜ್ಜೆಯಲ್ಲಿ ಇಟ್ಟುಕೊಂಡರು. ರಸ್ತೆ ಬದಿಯ ಮೈಲಿಗಲ್ಲಿನಿಂದ ಮಾಗಡಿ ಕಡೆಗೆ, ನೇರಕ್ಕೆ, ಮೂವತ್ತೆರಡು. ಆಮೇಲೆ ಆ ಜಾಗಕ್ಕೆ ಅವರು ಕಾಲಿಡಲಿಲ್ಲ. ಬಸ್ಸಿನಲ್ಲಿ ಹೋಗುವಾಗಲೂ ಅಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಹೊಡೆಯುತ್ತಾರೆ ಎಂದು ನಾನೇ ಎಷ್ಟೋ ಸಲ ಬೆನ್ನು ತಟ್ಟಿದ್ದೇನೆ.

ಆ ಕಲ್ಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೆಂಗಸರು ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ನಮ್ಮ ಬಸ್ಸು ನಿಲ್ಲುತ್ತಿದ್ದದ್ದೂ ಅಲ್ಲೇ, ಹಾಗಾಗಿ ಅದು ಕಲ್ಲು ಸ್ಟಾಪು. ೧೯೯೭ರ ಸುಮಾರಿಗೆ ಅಲ್ಲಿ ಮೋರಿ ತೆಗೆದರು. ಬಸ್ಸು ಹತ್ತು ಹೆಜ್ಜೆ ಈಚೆ, ಬೆಂಗಳೂರಿನ ಕಡೆಗೇ ನಿಲ್ಲಬೇಕಾಯಿತು. ಜನ ಮಾತ್ರ ಕಲ್ಲಿನ ಹತ್ತಿರವೇ ನಿಂತು, ಬಸ್ಸು ಬಂದ ಮೇಲೆ ಎದ್ದುಬಿದ್ದು ಓಡಿ ಬರುತ್ತಿದ್ದರು. ದಿನಾ ಇದೇ ರಗಳೆ. ಒಂದು ದಿನ ನನಗೆ ರೇಗಿ, ಆರು ಜನ ಪ್ರಯಾಣಿಕರನ್ನು ಇಳಿಸಿ, ಕಲ್ಲನ್ನೇ ಉರುಳಿಸಿಕೊಂಡು ಬಂದು ಬಸ್ಸು ನಿಲ್ಲುವ ಕಡೆ ನೆಡಿಸಿದೆ. "ಬೆಟ್ಟ ಬರ್ದಿದ್ರೆ ನಾವೇ ತರೋದು" ಎಂದು ಡ್ರೈವರ್ ಶಿವಬಸಪ್ಪ ನಕ್ಕಿದ್ದ. ಮಾರನೇ ದಿನದಿಂದ ಜನ ಅಲ್ಲೇ ನಿಂತರು, ಹೆಂಗಸರು ಅಲ್ಲೇ ಕುಂಕುಮ ಹಚ್ಚಿದರು. ನಾನು ಅದನ್ನು ಮರೆತೆ. ನೀವು ಮರೆಯಬೇಡಿ.

ಹೊಸ ಲೈನಿಗೆ ಮಣ್ಣು ಪರೀಕ್ಷೆ ಶುರುವಾಗುವ ಮೊದಲು ರಾಜೇಂದ್ರ ಎಂಬ ಎಂಜಿನಿಯರು ಬೈರಯ್ಯನವರನ್ನು ಹುಡುಕಿಕೊಂಡು ಬಂದರು. ಮಣ್ಣು ಪರೀಕ್ಷೆಯ ಗುತ್ತಿಗೆ ಹಿಡಿದವರ ಕಡೆಯವರು. ಒಳ್ಳೆಯ ಹುಡುಗ, ಚಪ್ಪಲಿ ಬಿಟ್ಟು ಒಳಗೆ ಬಂದರು. ಬೈರಯ್ಯನವರು ಕಣ್ಣು ಮುಚ್ಚಿಕೊಂಡು ಒಂದೊಂದೇ ಬಾವಿ ಹೇಳುತ್ತ ಹೋದರು, ಅವರು ಬರೆದುಕೊಂಡರು. ಹದಿನೇಳು ಆಯಿತು. ಗಂಗಲಕ್ಷ್ಮಮ್ಮನವರು ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

"ಅಷ್ಟೇನಾ ತಾತ?" ಎಂದರು ರಾಜೇಂದ್ರ.

ಬೈರಯ್ಯನವರು ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದರು. "ಅಷ್ಟೇ ಸಾರ್" ಎಂದರು.

"ನೀವು ಹೇಳಿದ್ಮೇಲೆ ಮುಗೀತು ಬಿಡಿ. ನಾವು ಬೇರೆ ಕಡೆ ಎಲ್ಲೂ ಹುಡುಕಲ್ಲ."

ಈ ಮಾತು ಕೇಳಿ ನಾನು ಹೆಮ್ಮೆಯಿಂದ ಬೈರಯ್ಯನವರ ಬೆನ್ನು ತಟ್ಟಿದೆ. ಬೆವರಿನಿಂದ ಅಂಗಿ ಒದ್ದೆಯಾಗಿತ್ತು.

ಅದರ ಮೇಲೆ ಇನ್ನೊಂದು ಬಂತು. ಬೈರಯ್ಯನವರ ಹಿತ್ತಲ ಬಾಡಿಗೆ ಕೋಣೆಗೆ ರೋಣದ ಕಡೆಯಿಂದ ಫಕೀರೇಶ ಎಂಬವನು ಹೆಂಡತಿ ದಾನಮ್ಮನನ್ನು ಕರೆದುಕೊಂಡು ಬಂದು ವರ್ಷವಾಗಿತ್ತು. ಮೂವತ್ತರ ಆಳು, ಎತ್ತರದ ಮೈಕಟ್ಟು, ನಕ್ಕರೆ ಓಣಿಗೆಲ್ಲ ಕೇಳಬೇಕು. ಬೋರ್ ಕೊರೆಯುವ ಲಾರಿಯ ಆಪರೇಟರ್. ದಾನಮ್ಮ ರೊಟ್ಟಿ ಬಡಿದರೆ ಎರಡು ಮೊದಲು ಗಂಗಲಕ್ಷ್ಮಮ್ಮನವರಿಗೆ ಹೋಗುತ್ತಿತ್ತು, ಇಲ್ಲಿ ಮುದ್ದೆ ಮಾಡಿದರೆ ಒಂದು ಅಲ್ಲಿಗೆ. ಹೊಸ ಲೈನಿನ ಮಣ್ಣು ಪರೀಕ್ಷೆಯ ಲಾರಿಗೆ ಆಪರೇಟರ್ ಆಗಿ ಸಿಕ್ಕವನು ಇದೇ ಫಕೀರೇಶ. ಈ ಕೆಲಸ ಸಿಕ್ಕ ದಿನ ಪೇಡೆ ಹಂಚಿದ. ಬೈರಯ್ಯನವರು ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

ಆವತ್ತಿನಿಂದ ದಿನಾ ಸಂಜೆ ಫಕೀರೇಶ ಬರುವುದನ್ನೇ ಅವರು ಜಗಲಿಯ ಮೇಲೆ ಕಾಯತೊಡಗಿದರು. ನಾನೂ ಅಲ್ಲೇ ಕೂತಿರುತ್ತಿದ್ದೆ.

"ಎಲ್ಲಿಗಂಟ ಬಂತಪ್ಪಾ?"

"ಕೆಎಚ್‌ಬಿ ಕಾಲೊನಿ ಮುಗೀತ್ರಿ ಅಜ್ಜಾರ. ಮೂವತ್ತು ಅಡಿಗೇ ಬಂಡೆ ಹತ್ತತ್ರಿ."

ಮತ್ತೆ ನಾಲ್ಕು ದಿನಕ್ಕೆ ಕಾಮಾಕ್ಷಿಪಾಳ್ಯ. ಒಂದು ವಾರ ಸುಮನಹಳ್ಳಿಯ ಸೇತುವೆಯ ಹತ್ತಿರ. ಮೊದಲನೇ ಲೈನಿನ ಬಾವಿಗಳನ್ನು ಬೆರಳು ಮಡಚಿ ಎಣಿಸಿದ್ದ ಮನುಷ್ಯ ಈಗಲೂ ಬೆರಳು ಮಡಚುತ್ತಿದ್ದರು. ಲಾರಿ ಸುಂಕದಕಟ್ಟೆಗೆ ಬಂದ ದಿನದಿಂದ ಊಟ ಬಿಟ್ಟರು. ವಯಸ್ಸಾಯಿತು, ಅಜೀರ್ಣ ಇರಬೇಕು ಎಂದು ನಾನು ಜೀರಿಗೆ ಕಷಾಯದ ಸಲಹೆ ಕೊಟ್ಟೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಅದೇ ಹೊತ್ತಿಗೆ ಕಲಾಳಿಗೆ ಗರ್ಭಕೋಶದ ಗಡ್ಡೆ ತೆಗೆಯುವ ಆಪರೇಷನ್ ಗೊತ್ತಾಯಿತು. ಗುರುವಾರಕ್ಕೆ. ಅವಳು ಕೆಂಗೇರಿಯಲ್ಲಿ ಗಂಡನ ಮನೆಯಲ್ಲಿದ್ದಳು. ಗಂಗಲಕ್ಷ್ಮಮ್ಮನವರು ಮುಡಿಪು ಕಟ್ಟಿದರು, ಹೊತ್ತು ಹೊತ್ತಿಗೂ ಮನೆಯ ನಲ್ಲಿಗೇ ಅರಿಶಿನ ಕುಂಕುಮ ಇಟ್ಟರು.

ಸೋಮವಾರ ಸಂಜೆ ಫಕೀರೇಶ ಕೈಕಾಲು ತೊಳೆದುಕೊಂಡು ಬಂದು ಹೇಳಿದ. "ನಾಳೆ ಕಲ್ಲು ಸ್ಟಾಪ್ ಅಂತ್ರಿ. ಎಡಕ್ಕ, ಎಳನೀರಿನವರು ಕೂಡ್ತಾರಲ್ಲ, ಅದರ ಹತ್ರನ. ಸ್ಟೇಷನ್ ಮೆಟ್ಲಾ ಇಳಿಯೋ ಜಾಗಾ ಅಂತ ಅದು."

ಬೈರಯ್ಯನವರು ಕುಡಿಯದ ಕಾಫಿ ಲೋಟವನ್ನು ಕೆಳಗಿಟ್ಟರು. "ನಾಳೆ ರಜಾ ಹಾಕಪ್ಪ" ಎಂದರು.

"ಯಾಕ್ರಿ?"

"ಮಂಗಳವಾರ. ಅಮಾಸೆ ಬೇರೆ."

ಫಕೀರೇಶ ಓಣಿಗೆ ಕೇಳುವ ಹಾಗೆ ನಕ್ಕ. "ಅಮಾಸಿಗೆ ರಜಾ ಕೇಳಿದ್ರ ಸಾಹೇಬ್ರು ಊರಿಗೇ ಕಳಸ್ತಾರ್ರಿ" ಎಂದು ಒಳಗೆ ಹೋದ.

ಆ ರಾತ್ರಿ ಗಂಡ ಹೆಂಡಿರ ನಡುವೆ ನಡೆದದ್ದನ್ನು ಬೈರಯ್ಯನವರು ಮಾರನೇ ದಿನ ಆಟೋದಲ್ಲಿ ನನಗೆ ಹೇಳಿದರು.

"ಗುರುವಾರ ಕಳೀಲಿ. ಕಲಾ ಕಣ್ಣು ಬಿಡ್ಲಿ. ಆಮೇಲೆ ಊರಿಗೆಲ್ಲ ಸಾರ್ಕೊಂಡು ಬನ್ನಿ" ಎಂದಿದ್ದರು ಗಂಗಲಕ್ಷ್ಮಮ್ಮನವರು.

"ಮಷಿನ್ನು ಗುರುವಾರಕ್ಕೆ ಕಾಯಲ್ಲ ಕಣೇ. ಲಾರಿ ಭಾರಕ್ಕೆ ಆ ಚಪ್ಪಡಿ ತಡೆಯಲ್ಲ. ಹಿಂದ್ಗಡೆ ನಿಲ್ಲೋನು ಅವ್ನು."

"ಹೇಳಿದ್ರೆ ಕಾಂಕ್ರೀಟ್ ಸುರೀತಾರೆ. ಒಂದ್ ಮಗೂನ ಕೊಟ್ಟಾಗಿದೆ. ಇನ್ನೊಂದನ್ನೂ ನಾನೇ ಕೊಡ್ಲಾ?"

ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಂತಾದರು ಬೈರಯ್ಯನವರು. ಈ ಕಡೆ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಆ ಕಡೆ ಹಿತ್ತಲಲ್ಲಿ ಮಲಗಿದ್ದ ಪರರ ಮಗ. ಗಂಗಲಕ್ಷ್ಮಮ್ಮನವರ ನಂಬಿಕೆಗೆ ನೀವು ನಗಬಹುದು. ಬೈರಯ್ಯನವರು ನಗಲಾರರು, ಮೂರು ವರ್ಷದ ಮಗುವನ್ನು ಮಣ್ಣಿಗಿಟ್ಟ ಕೈ ಅವರದು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ಹೆಂಡತಿ ದೇವರ ಮುಂದೆ ಕೂತಿದ್ದಾಗ, ಬರಿಗಾಲಲ್ಲಿ ನಮ್ಮ ಗೇಟಿಗೆ ಬಂದರು. "ಕಂಡಕ್ಟ್ರೇ, ಒಂದ್ ಆಟೋ ಹಿಡೀರಿ. ಕಲ್ಲು ಸ್ಟಾಪಿಗೆ ಹೋಗ್ಬೇಕು" ಎಂದರು. ದಾರಿಯಲ್ಲಿ ಎಲ್ಲ ಹೇಳಿದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ನಲವತ್ತು ವರ್ಷ ಜೊತೆಯಲ್ಲಿ ಕೂತು ಕಾಫಿ ಕುಡಿದ ಮನುಷ್ಯ ಇಷ್ಟು ದೊಡ್ಡ ಬಾವಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರಲ್ಲ.

ನಾವು ಇಳಿದಾಗ ಲಾರಿ ಆಗಲೇ ಬಂದು ನಿಂತಿತ್ತು. ಡಾಂಬರಿಗೂ ಒಂದು ಕಾಂಪೌಂಡ್ ಗೋಡೆಗೂ ನಡುವಿನ ಮಣ್ಣಿನ ಪಟ್ಟಿ ಅದು. ರಸ್ತೆ ಅಗಲವಾದದ್ದು ಆಚೆ ಬದಿಗೆ, ಈ ಬದಿಯನ್ನು ಯಾರೂ ಮುಟ್ಟಿರಲಿಲ್ಲ. ಕುಂಕುಮ ಹಚ್ಚಿಕೊಂಡ ಕಲ್ಲು ತನ್ನ ಪಾಡಿಗೆ ಸ್ಟಾಪಿನಲ್ಲಿ ನಿಂತಿತ್ತು. ಅದರ ಮುಂದೆ ಇಬ್ಬರು ಹೆಂಗಸರು ಬಸ್ಸಿಗೆ ಕಾಯುತ್ತಿದ್ದರು. ಲಾರಿಯಿಂದಾಚೆ ಎಳನೀರಿನ ಮುರುಗೇಶ್ ತನ್ನ ಗಾಡಿ, ಬುರುಡೆಯ ರಾಶಿಯ ನಡುವೆ ಕೂತಿದ್ದ.

ಬೈರಯ್ಯನವರು ಕಲ್ಲಿಗೆ ಕೈ ಮುಗಿದರು. ಪಂಚೆ ಎತ್ತಿ ಕಟ್ಟಿ, ಬೆನ್ನು ನೆಟ್ಟಗೆ ಮಾಡಿಕೊಂಡು ಎಣಿಸುತ್ತ ಹೊರಟರು. ಕುಂಟಲಿಲ್ಲ. ನಾನೂ ಪಕ್ಕದಲ್ಲೇ ನಡೆಯುತ್ತ ಮನಸ್ಸಿನಲ್ಲೇ ಎಣಿಸಿದೆ. ಮೂವತ್ತೆರಡನೇ ಹೆಜ್ಜೆ ಸರಿಯಾಗಿ ಲಾರಿಯ ಹಿಂದಿನ ಚಕ್ರದ ಪಕ್ಕಕ್ಕೆ ಬಿತ್ತು. ಫಕೀರೇಶ ಅಲ್ಲೇ ನಿಂತು ಜಾಕಿನ ಕೆಳಗೆ ಹಲಗೆ ಜೋಡಿಸುತ್ತಿದ್ದ.

"ನಿಲ್ಸಪ್ಪಾ" ಎಂದರು ಬೈರಯ್ಯನವರು. "ರಾಜೇಂದ್ರ ಸಾರ್, ನಾನು ಸುಳ್ಳು ಹೇಳಿದ್ದೆ. ಇನ್ನೊಂದು ಬಾವಿ ಐತೆ. ಇವ್ನ ಕಾಲ್ ಕೆಳ್ಗೇ ಐತೆ."

ಲಾರಿಯವರೆಲ್ಲರ ಮುಂದೆ ಪೂರ್ತಿ ಹೇಳಿದರು. ಚಪ್ಪಡಿಯ ವಿಷಯ, ಪೈಪಿನ ವಿಷಯ, ಮಗುವಿನ ವಿಷಯ. ಜೀವಮಾನವೆಲ್ಲ ಗಳಿಸಿದ ಹೆಸರನ್ನು ಅವರೇ ಕಿತ್ತು ನೆಲಕ್ಕೆ ಹಾಕಿದರು. ರಾಜೇಂದ್ರ ಬೈಯಲಿಲ್ಲ. ಲಾರಿಯವರನ್ನೆಲ್ಲ ದೂರ ನಿಲ್ಲಿಸಿ, ಅವರ ತೋಳು ಹಿಡಿದುಕೊಂಡು, "ಬಂದು ಹೇಳಿದ್ರಲ್ಲ ತಾತ, ಅದೇ ದೊಡ್ಡದು" ಎಂದರು.

ಬೈರಯ್ಯನವರು ಬಗ್ಗಿ ನೆಲವನ್ನು ಕೈಯಿಂದ ಕೆದಕುತ್ತಿದ್ದರು. "ಪೈಪು ಕಾಣಿಸ್ತಾ ಇಲ್ಲ ಕಂಡಕ್ಟ್ರೇ. ಇಲ್ಲೇ ಇರ್ಬೇಕಿತ್ತು."

"ಮೋರಿ ತೆಗೆದಾಗ ಕಿತ್ತಿರ್ತಾರೆ ಬಿಡಿ" ಎಂದೆ ನಾನು.

ಮೋರಿ ಎಂಬ ಮಾತು ನನ್ನ ಬಾಯಿಂದಲೇ ಬಂತು. ಮೋರಿ ತೆಗೆದ ವರ್ಷ ಏನಾಗಿತ್ತು ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಈ ರೂಟಿನ ಒಂದೊಂದು ಸ್ಟಾಪೂ ಗೊತ್ತು ಎನ್ನುವ ನಾನು ಯೋಚಿಸಲಿಲ್ಲ.

ರಾಜೇಂದ್ರ ಫೋನಿನಲ್ಲಿ ಯಾರನ್ನೋ ಕೇಳಿದರು. ಹಿಂದಕ್ಕೆ ಸರಿಸಿದರೆ ಕೇಬಲ್ ಅಡ್ಡ ಬರುತ್ತಿತ್ತು. ಹತ್ತು ಹೆಜ್ಜೆ ಮುಂದಕ್ಕೆ, ಮಾಗಡಿ ಕಡೆಗೆ ಸರಿಸಿ ಎಂದರು. ಅಲ್ಲೇನಾದರೂ ಇದೆಯೇ ಎಂದು ಬೈರಯ್ಯನವರನ್ನೇ ಕೇಳಿದರು. "ಅಲ್ಲಿ ಗಟ್ಟಿ ನೆಲ ಸಾರ್. ಅಪ್ಪ ಏತ ಹಾಕ್ಬೇಕು ಅಂದಾಗ ನಾನೇ ಅಗೆದು ನೋಡಿದ್ದೆ" ಎಂದರು ಅವರು. ಅದೂ ನಿಜವೇ. ಗಟ್ಟಿ ನೆಲ ಹತ್ತು ಹೆಜ್ಜೆ ಆಚೆಗಿತ್ತು, ಬಾವಿಯಿಂದ.

ಮುರುಗೇಶ್ ಗೊಣಗುತ್ತ ಗಾಡಿ ತಳ್ಳಿಕೊಂಡ. ಬುರುಡೆಗಳನ್ನು ಪೂರ್ತಿ ತೆಗೆಯುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ, ಕಾಲಿನಿಂದ ಪಕ್ಕಕ್ಕೆ ಒತ್ತಿದರು. ಲಾರಿ ಮುಂದೆ ಹೋಗುವ ಮೊದಲು ಫಕೀರೇಶ ಬಂದು ಬೈರಯ್ಯನವರ ಕಾಲು ಮುಟ್ಟಿದ. "ನನ್ನ ಜೀವಾ ಉಳಿಸಿದ್ರಿ ಅಜ್ಜಾರ" ಎಂದ. ಅವನು ನಗುತ್ತಿರಲಿಲ್ಲ, ನಾನು ಅವನನ್ನು ಹಾಗೆ ನೋಡಿದ್ದು ಅದೊಂದೇ ಸಲ.

ಬೈರಯ್ಯನವರು ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮುರುಗೇಶ್ ಕೊಟ್ಟ ಎಳನೀರು ಕುಡಿದರು. ಮೂರು ದಿನದ ಮೇಲೆ ಅವರ ಹೊಟ್ಟೆಗೆ ಹೋದದ್ದು ಅದು. "ಇನ್ನು ಕಲಾಗೆ ಏನೂ ಆಗ್ದಿದ್ರೆ ಸಾಕು" ಎಂದರು. ಅಷ್ಟರಲ್ಲಿ ಫಕೀರೇಶ ಲಾರಿಯ ಹಿಂದೆ ನಿಂತು ಲಿವರ್ ಎಳೆದ. ನಾಲ್ಕು ಜಾಕುಗಳೂ ಇಳಿದು ನೆಲವನ್ನು ಒತ್ತಿದವು. ಚಕ್ರಗಳು ನೆಲ ಬಿಟ್ಟು ಒಂದು ಗೇಣು ಮೇಲೆದ್ದವು.

ಮೊದಲು ಕೇಳಿಸಿದ್ದು ಸದ್ದಲ್ಲ, ಗಾಳಿ. ಬುರುಡೆಯ ರಾಶಿಯ ಅಡಿಯಿಂದ ಸುಯ್ಯೆಂದು ಧೂಳು ಮೇಲೆ ಚಿಮ್ಮಿತು. ಆಮೇಲೆ ಕಲ್ಲು ಸೀಳುವ ಸದ್ದು. ಲಾರಿಯ ಹಿಂಭಾಗ ಕೂತ ಹಾಗೆ ಕೆಳಗಿಳಿಯಿತು, ಮುಂಭಾಗ ಆಕಾಶ ನೋಡಿತು. ಫಕೀರೇಶ ನಿಂತಿದ್ದ ಜಾಗದಲ್ಲಿ ನೆಲವೇ ಇರಲಿಲ್ಲ.

ಅಗ್ನಿಶಾಮಕದವರು ಅವನನ್ನು ಮೇಲೆ ತಂದಾಗ ಸಂಜೆ ನಾಲ್ಕಾಗಿತ್ತು. ನಲವತ್ತೈದು ಅಡಿ, ಮೇಲೆ ಚಪ್ಪಡಿ. ಉಸಿರಿರಲಿಲ್ಲ. ಬೈರಯ್ಯನವರು ಅಷ್ಟು ಹೊತ್ತೂ ಮತ್ತೆ ಮತ್ತೆ ಕಲ್ಲಿನಿಂದ ಎಣಿಸುತ್ತಿದ್ದರು. ಪೊಲೀಸರು ಹಿಡಿದು ಕೂರಿಸಿದರೂ ಎದ್ದು ಹೋಗಿ ಎಣಿಸುತ್ತಿದ್ದರು. ಪ್ರತಿ ಸಲವೂ ಮೂವತ್ತೆರಡು ಗುಂಡಿಗೆ ಹತ್ತು ಹೆಜ್ಜೆ ಈಚೆಗೇ ಮುಗಿಯುತ್ತಿತ್ತು. ಒಡೆದ ಚಪ್ಪಡಿಯ ಅಂಚಿನಲ್ಲಿ ತುಕ್ಕು ಹಿಡಿದ ಪೈಪೊಂದು ನಿಂತಿತ್ತು. "ಬೇಸಿಗೇಲಿ ಅದ್ರಿಂದ ತಣ್ಣಗೆ ಗಾಳಿ ಬರ್ತಿತ್ತು ಸಾರ್. ಅದಕ್ಕೇ ಎಳನೀರು ಅಲ್ಲೇ ಇಡ್ತಿದ್ದೆ" ಎಂದು ಮುರುಗೇಶ್ ಹೇಳಿದ.

ಗುರುವಾರ ಕಲಾಳ ಆಪರೇಷನ್ ಸುಸೂತ್ರವಾಯಿತು. ಗಂಗಲಕ್ಷ್ಮಮ್ಮನವರು ಆಸ್ಪತ್ರೆಯಿಂದ ಬಂದವರು ದಾನಮ್ಮನ ಕೋಣೆಯ ಕಡೆ ಕಣ್ಣೆತ್ತಿ ನೋಡಲಿಲ್ಲ. ಅವರ ಲೆಕ್ಕದಲ್ಲಿ ಗಂಗಮ್ಮ ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಂಡಿದ್ದಳು. ದಾನಮ್ಮ ಸಾಮಾನು ಕಟ್ಟಿಕೊಂಡು ಊರಿಗೆ ಹೊರಟ ದಿನ ಬೈರಯ್ಯನವರ ಮುಂದೆ ನಿಂತು, "ನಿಮ್ಮ ಕೈಲೆ ಆದಷ್ಟು ಮಾಡೀರಿ ಅಜ್ಜಾರ. ನಿಮ್ಮದೇನ ತಪ್ಪಿಲ್ರಿ" ಎಂದಳು. ಊರಿನವರೂ ಹಾಗೇ ಅಂದರು. ವಿಚಾರಣೆಗೆ ಬಂದವರೂ ಮುದುಕ ಎಚ್ಚರಿಸಲು ಬಂದಿದ್ದ ಎಂದೇ ಬರೆದುಕೊಂಡರು. ಯಾರೊಬ್ಬರೂ ದೂರದೆ ಇದ್ದದ್ದೇ ಅವರನ್ನು ತಿನ್ನುತ್ತಿದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನಗೆ ಬುದ್ಧಿ ಬಂದದ್ದು ಎಂಟನೇ ದಿನ. ಬಸ್ಸಿನಲ್ಲಿ ಆ ಕಡೆ ಹೋಗುತ್ತಿದ್ದೆ. ಕಂಡಕ್ಟರ್ ಹುಡುಗ "ಕಲ್ಲು ಸ್ಟಾಪ್" ಎಂದು ಕೂಗಿದ. ಕಿಟಕಿಯಿಂದ ನೋಡಿದೆ. ಕಲ್ಲಿನಾಚೆ ಹತ್ತು ಹೆಜ್ಜೆಗೆ ಹಳೆಯ ಮೋರಿಯ ಕಟ್ಟೆ ಕಾಣಿಸಿತು. ಆರು ಜನ ಕಲ್ಲು ಉರುಳಿಸುತ್ತಿದ್ದದ್ದು, ಶಿವಬಸಪ್ಪ ನಕ್ಕದ್ದು, ನಾನು ವಿಷಲ್ ಊದಿದ್ದು ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದು, ಮೋರಿಯಿಂದ ಕಲ್ಲಿನವರೆಗೆ ಎಣಿಸಿದೆ. ಹತ್ತೇ.

ಬೈರಯ್ಯನವರಿಗೆ ಇನ್ನೂ ಹೇಳಿಲ್ಲ. ಇವತ್ತು ಹೇಳುತ್ತೇನೆ ಎಂದು ದಿನಾ ಅವರ ಜಗಲಿಗೆ ಹೋಗುತ್ತೇನೆ. ಅವರ ಹದಿನೇಳರಲ್ಲಿ ಐದು ಬಾವಿಗಳು ಇನ್ನೂ ಮುಂದಿವೆ, ಬ್ಯಾಡರಹಳ್ಳಿಯಿಂದ ಕಡಬಗೆರೆಯವರೆಗೆ. ಹೋದ ವಾರ ರಾಜೇಂದ್ರ ಬಂದು, ಜೊತೆಗೆ ಬಂದು ತೋರಿಸಿ ಎಂದು ಕೈ ಮುಗಿದರು. ಬೈರಯ್ಯನವರು ಗೋಡೆಯ ಕಡೆ ತಿರುಗಿಕೊಂಡರು.

"ಆ ಪಟ್ಟಿ ಹರಿದು ಬಿಸಾಕಿ ಸಾರ್. ನನ್ ಹೆಜ್ಜೆ ಸುಳ್ಳು. ಒಂದೂ ನಂಬ್ಬೇಡಿ."

ಹೊಸ ಆಪರೇಟರ್ ಬಂದಿದ್ದಾನೆ, ಹೊಸ ಲಾರಿ ಬಂದಿದೆ. ಈಗ ಹೇರೋಹಳ್ಳಿ ದಾಟಿದೆಯಂತೆ. ಆ ಹೆಜ್ಜೆಗಳೆಲ್ಲ ನಿಜ, ಐದೂ ಬಾವಿ ಅವರು ಹೇಳಿದ ಕಡೆಯೇ ಇವೆ ಎಂದು ಗಟ್ಟಿಯಾಗಿ ಹೇಳಬಲ್ಲವನು ಈ ಊರಿನಲ್ಲಿ ನಾನೊಬ್ಬನೇ. ಒಂದು ಮಾತು ಸಾಕು.

ನಿನ್ನೆ ಸಂಜೆಯೂ ಹೋಗಿದ್ದೆ. ಅವರ ಕಾಲು ಊದಿಕೊಂಡಿದೆ, ಈಗ ಹಾಲಿಗೂ ಹೋಗುವುದಿಲ್ಲ. ನನ್ನ ಕೈ ಹಿಡಿದುಕೊಂಡು, ದಿನಾ ಕೇಳುವುದನ್ನೇ ಕೇಳಿದರು.

"ಕಂಡಕ್ಟ್ರೇ, ನೀವು ಪಕ್ದಲ್ಲೇ ಇದ್ರಲ್ಲ. ನಾನು ಎಣಿಸೋದ್ರಲ್ಲಿ ತಪ್ಪಿದ್ನಾ?"

"ಇಲ್ಲ ಬೈರಯ್ಯನವರೇ. ಮೂವತ್ತೆರಡೇ."

"ಹಾಗಾದ್ರೆ ಗಂಗಮ್ಮನೇ ಜಾಗ ಬಿಟ್ಟು ಎದ್ದು ಹೋದ್ಲು ಅಲ್ವಾ?"

ನಾನು ಹೂಂ ಎಂದೆ.